ಊಟಿಯಮ್ಮನಿಗೊಂದು ಎಲೆ

ಸತ್ತವರ ಹೆಸರಲ್ಲಿ ಸುಳ್ಳು ಹೇಳಬೇಡಿ ಎಂದು ನಾನು ಯಾರಿಗೂ ಬುದ್ಧಿ ಹೇಳಲು ಹೋಗುವುದಿಲ್ಲ. ಅಂಥ ಕಟ್ಟಳೆ ಬಂದರೆ ನಮ್ಮೂರಲ್ಲಿ ಅರ್ಧ ಜನ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಾಗುತ್ತದೆ. ಆದರೆ ಸುಳ್ಳು ಹೇಳುವವನಿಗೆ ಒಂದು ಅಂದಾಜಾದರೂ ಬೇಡವೇ? ನಮ್ಮ ಪಕ್ಕದ ಮನೆಯ ರಾಮಕೃಷ್ಣಪ್ಪನಿಗೆ ಅದಿರಲಿಲ್ಲ. ಮೀನು ಹಿಡಿಯುವ ಶೋಕಿಗೆ ಅವನು ಹೇಳಿದ ಒಂದು ಸುಳ್ಳು ಅವರಪ್ಪನಿಗೆ ಎರಡನೇ ಸಂಸಾರ ಕಟ್ಟಿಕೊಟ್ಟಿತು. ಅದೂ ಅವರಪ್ಪ ಮಣ್ಣಾದ ಮೇಲೆ.

ತಮಿಳುನಾಡಿನ ಗಡಿಯ ಸೂಳಗಿರಿಯಿಂದ ಒಳಕ್ಕೆ ಬಂದರೆ ಕೊತ್ತಂಬರಿ, ಟೊಮೆಟೊ ಬೆಳೆಯುವ ಊರು ನಮ್ಮದು. ನನ್ನ ಮನೆಗೂ ರಾಮಕೃಷ್ಣಪ್ಪನ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನನ್ನ ಹೆಂಡತಿ ಶ್ಯಾಮಲಮ್ಮ ಸೀನುತ್ತಾಳೆ. ಹಾಗಾಗಿ ನಾನು ಹೇಳುವುದರಲ್ಲಿ ಬಹುಪಾಲು ನನ್ನ ಕಿವಿಯಲ್ಲೇ ಕೇಳಿದ್ದು. ಉಳಿದದ್ದು ಶ್ಯಾಮಲಮ್ಮ ಹೇಳಿದ್ದು. ಅದನ್ನು ನೀವು ಸ್ವಲ್ಪ ಕಳೆದು ಓದಿಕೊಳ್ಳಿ.

ರಾಮಕೃಷ್ಣಪ್ಪ ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಹತ್ತಿ ಹೊಸೂರಿಗೆ ಹೋಗುತ್ತಾನೆ, ಸಂಜೆ ಬಂದು ಹೊಲಕ್ಕೆ ನೀರು ಕಟ್ಟುತ್ತಾನೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜನ ಹುಷಾರಾಗಿ ಇರುತ್ತಿದ್ದರು. ಫ್ಯಾಕ್ಟರಿಯಲ್ಲಿ ಅವನ ಸೂಪರ್‌ವೈಸರ್ ಜಗನ್ ಒಂದು ದಿನ ಊಟದ ಹೊತ್ತಿನಲ್ಲಿ ಫೋನಿನಲ್ಲಿ ವಿಡಿಯೋ ತೋರಿಸಿದನಂತೆ. ಊಟಿಯ ಮೇಲಣ ಬೆಟ್ಟಗಳು, ಮಂಜು, ಹರಿಯುವ ನೀರು, ದಡದಲ್ಲಿ ಬಣ್ಣದ ಟೆಂಟು, ಗಾಳಕ್ಕೆ ಸಿಕ್ಕಿ ಒದ್ದಾಡುವ ಚುಕ್ಕೆ ಚುಕ್ಕೆಯ ಮೀನು. ಟ್ರೌಟ್ ಅಂತ ಅದರ ಹೆಸರು.

"ಫ್ಯಾಕ್ಟರಿ ಶಟ್‌ಡೌನ್ ಬತ್ತೈತಲ್ಲಣ್ಣ, ಮಾರ್ನಮಿಗೆ ಮುಂಚೆ. ವ್ಯಾನ್ ಮಾಡ್ಕಂಡು ಹೋಗಣ. ಮೀನು ಹಿಡ್ಯದು, ಅಲ್ಲೇ ಸುಡದು, ಅಲ್ಲೇ ಮಲಗದು. ನಿಮ್ಗೆ ಗಾಳ ಹಾಕಕ್ಕೆ ಬತ್ತದಾ?" ಎಂದು ಜಗನ್ ಕೇಳಿದ.

"ಬತ್ತದಾ ಅಂದ್ರೆ? ನಾನು ಗಾಳ ಹಿಡ್ಕಂಡೇ ಹುಟ್ಟಿದ್ದು ಕಣಪ್ಪಾ" ಎಂದುಬಿಟ್ಟ ನಮ್ಮವನು.

ಎರೆಹುಳ ಕಂಡರೆ ಒಂದು ಮಾರು ಹಿಂದಕ್ಕೆ ಹಾರುವ ಮನುಷ್ಯ ಇವನು. ಆದರೂ ಆಡಿದ ಮಾತಿಗೆ ತಪ್ಪಬಾರದಲ್ಲ, ಫೋನಿನಲ್ಲೇ ಗಾಳದ ಕೋಲು ತರಿಸಿದ, ಒಂದು ನೀಲಿ ಟೆಂಟೂ ತರಿಸಿದ. ಭಾನುವಾರ ಹಿತ್ತಲಲ್ಲಿ ನಿಂತು ಅಭ್ಯಾಸ ಶುರುವಾಯಿತು. ಮೊದಲನೇ ಸಲ ಗಾಳ ಬೀಸಿದಾಗ ನುಗ್ಗೆಮರ ಸಿಕ್ಕಿತು. ಎರಡನೇ ಸಲ ಗೋಡೆ ದಾಟಿ ಬಂದು ನಮ್ಮ ಹಗ್ಗದ ಮೇಲಿದ್ದ ಶ್ಯಾಮಲಮ್ಮನ ಹೊಸ ಸೀರೆ ಸಿಕ್ಕಿತು. ಅವನು ಮೀನೇ ಬಿತ್ತೆಂದುಕೊಂಡನೋ ಏನೋ, ಸರಸರ ಸುತ್ತತೊಡಗಿದ. ಸೀರೆ ಗೋಡೆ ಹತ್ತಿ ಹೋಗುವುದನ್ನು ನೋಡಿದ ಶ್ಯಾಮಲಮ್ಮ ಬೀದಿಗೇ ಕೇಳುವಂತೆ ಕೂಗಿಕೊಂಡಳು.

"ಏನ್ಲಾ ರಾಮಕೃಷ್ಣ, ನಿನ್ ಮನೆ ಹಾಳಾಗ! ಹೆಂಗಸ್ರ ಸೀರೆಗೆ ಗಾಳ ಹಾಕ್ತೀಯಾ?"

"ಅತ್ತೇ, ಟ್ರೌಟ್‌ಗೆ ಪ್ರಾಕ್ಟೀಸ್ ಮಾಡ್ತಿದ್ದೆ ಅತ್ತೇ!"

ಇದರಿಂದ ವಿಷಯ ಹೊರಬಿತ್ತು. ಅವನ ಹೆಂಡತಿ ಚಂದ್ರಲೇಖಾ ಒಲೆ ಮುಂದಿನಿಂದ ಎದ್ದು ಬಂದಳು. ಅವಳು ಕೃಷ್ಣಗಿರಿ ಕಡೆಯವಳು, ಗೋವಿಂದನ ಒಕ್ಕಲು. ಗೋವಿಂದನಿಗೆ ಮೀಸಲಾದ ತಮಿಳು ತಿಂಗಳು ಪುರಟ್ಟಾಸಿ ಪೂರ್ತಿ ಆ ಮನೆಯಲ್ಲಿ ಮೊಟ್ಟೆ ಕೂಡ ಒಡೆಯುವಂತಿಲ್ಲ.

"ಪುರಟ್ಟಾಸೀಲಿ ಮೀನು ಹಿಡಿಯಕ್ಕೆ ಬೆಟ್ಟ ಹತ್ತೀರಾ? ತಿರುಪತಿ ಬೆಟ್ಟ ಹತ್ತಿ, ನಾನೇ ಬುತ್ತಿ ಕಟ್ಟಿ ಕಳಿಸ್ತೀನಿ" ಎಂದಳು. ಅಲ್ಲಿಗೆ ಪ್ರವಾಸ ಮುಗಿಯಿತು ಎಂದುಕೊಂಡೆ ನಾನು. ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಪುರಟ್ಟಾಸಿಯ ಕಟ್ಟುನಿಟ್ಟಿಗೆ ನಮ್ಮಲ್ಲಿ ಒಂದೇ ರಿಯಾಯಿತಿ. ಮಾರ್ನಮಿ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನು ಮಾಡಿ ಎಲೆಗೆ ಬಡಿಸಬೇಕು. ಕೋಳಿಯೋ, ಮಾಂಸವೋ, ಬೀಡಿಯೋ, ಆ ದಿನ ದೇವರೂ ಅಡ್ಡ ಬರುವುದಿಲ್ಲ. ಸಮಾಧಿಯ ಹತ್ತಿರ ಒಂದು ಎಲೆ ಇಟ್ಟು ಕಾಗೆಗೆ ಕಾಯುತ್ತೇವೆ. ಕಾಗೆ ಮುಟ್ಟಿದರೆ ಹಿರಿಯರು ಉಂಡರು ಅಂತ. ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ ಅಂತ.

ರಾಮಕೃಷ್ಣಪ್ಪನ ಅಪ್ಪ ವೆಂಕಟೇಶಪ್ಪನ ಮೊದಲನೇ ಎಡೆಯನ್ನು ಹಿಂದಿನ ವರ್ಷ ಕಾಗೆ ಮುಟ್ಟಿರಲಿಲ್ಲ. ಸಮಾಧಿ ಕಲ್ಲಿನ ಮೇಲೆ ಕೂತು, ಎಲೆ ನೋಡಿ, ಹಾರಿಹೋಗಿತ್ತು. ಸಮಾಧಿಯ ಹಿಂದೆ ನಮ್ಮ ನಾಯಿ ಮಲಗಿದ್ದನ್ನು ನಾನು ನೋಡಿದ್ದೆ, ಹೇಳಿಯೂ ಹೇಳಿದೆ. ಸತ್ತವನ ಆಸೆಯ ಮಾತಾಡುವ ಜಾಗದಲ್ಲಿ ನಾಯಿಯ ಮಾತು ಯಾರು ಕೇಳುತ್ತಾರೆ?

ಅಂದಿನಿಂದ ಕೊರಗಿದವಳು ವೆಂಕಟೇಶಪ್ಪನ ಹೆಂಡತಿ ಬೈರಮ್ಮ. ನನಗಿಂತ ಹಿರಿಯಳು, ಬೈರಕ್ಕ ಅನ್ನುತ್ತೇನೆ. ಗಂಡನಿಗೆ ಏನು ಆಸೆಯಿತ್ತೋ ಎಂದು ವರ್ಷವಿಡೀ ಕಂಡಕಂಡವರನ್ನು ಕೇಳಿದಳು. ಹೊಲದಲ್ಲಿ ಗಂಡನ ಸಮಾಧಿಯ ಪಕ್ಕ ಒಂದು ಆಳುದ್ದ ಜಾಗವನ್ನು ಅವಳು ತನಗೆಂದು ಬಿಡಿಸಿಟ್ಟಿದ್ದಳು. ಅಲ್ಲಿಗೆ ಒಂದು ಹಿಡಿ ಕೊತ್ತಂಬರಿ ಬೀಜ ಚೆಲ್ಲಲು ಮಗನಿಗೆ ಬಿಡುತ್ತಿರಲಿಲ್ಲ. ದಿನಾ ಸಂಜೆ ಹೋಗಿ ಕೈಯಲ್ಲೇ ಹುಲ್ಲು ಕಿತ್ತು ಬರುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಬೈರಕ್ಕ ಎಂದು ಕೇಳಿದರೆ, "ನನ್ ಮನೆ ಗುಡಿಸ್ಬುಟ್ಟು ಬಂದೆ ಕಣಪ್ಪಾ" ಎಂದು ನಗುತ್ತಿದ್ದಳು.

ಆ ಭಾನುವಾರ ಮುದ್ದೆ ಉಣ್ಣುವ ಹೊತ್ತಿನಲ್ಲಿ ಗೋಡೆಯಾಚೆ ರಾಮಕೃಷ್ಣಪ್ಪನ ದನಿ ಇದ್ದಕ್ಕಿದ್ದಂತೆ ಗದ್ಗದವಾಯಿತು.

"ಅಮ್ಮಾ, ನಿನ್ಗೆ ಹೇಳ್ಬಾರ್ದು ಅಂತಿದ್ದೆ. ಅಪ್ಪ ಕೊನೇಲಿ ನನ್ ಕಿವೀಲಿ ಒಂದ್ ಮಾತು ಹೇಳಿದ. ಟ್ರೌಟ್ ಮೀನು ತಿನ್ಬೇಕು ಕಣ್ಲಾ, ಅಂದ."

ನಮ್ಮ ಮನೆಯಲ್ಲಿ ಶ್ಯಾಮಲಮ್ಮನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಅಯ್ಯೋ ನನ್ ದೇವ್ರೇ, ಅದ್ಕೇ ಕಾಗೆ ಮುಟ್ನಿಲ್ಲ!" ಎಂದು ಬೈರಕ್ಕ ಅತ್ತೇಬಿಟ್ಟಳು. "ಇಷ್ಟ್ ದಿನ ಯಾಕ್ಲಾ ಹೇಳ್ನಿಲ್ಲ ಕಿಟ್ಟಾ? ಹೋಗು ಮಗಾ. ಬೆಟ್ಟ ಆದ್ರೂ ಹತ್ತು, ಹೊಳೆ ಆದ್ರೂ ಬೀಳು. ತಂದು ನಿಮ್ಮಪ್ಪನ ಎಲೆಗಿಕ್ಕು."

ಚಂದ್ರಲೇಖಾ ಬಾಯಿ ಮುಚ್ಚಿಕೊಂಡಳು. ಗೋವಿಂದನ ಜೊತೆ ವಾದ ಮಾಡಬಹುದು, ಸತ್ತ ಮಾವನ ಜೊತೆ ಆಗುತ್ತದೆಯೇ?

ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದು ನೀವು ಕೇಳಬೇಡಿ, ನಾನು ಅದೇ ಮನೆಯಲ್ಲಿ ಬಾಳಬೇಕು. ಟೀ ಅಂಗಡಿಯಲ್ಲಿ ರಾಮಕೃಷ್ಣಪ್ಪನಿಗೆ ಬೆಂಚು ಬಿಟ್ಟುಕೊಟ್ಟರು. ವೆಂಕಟೇಶಪ್ಪನ ಸ್ನೇಹಿತ ಸೊಣ್ಣಪ್ಪ ಅವನ ತಲೆಯ ಮೇಲೆ ಕೈಯಿಟ್ಟು, "ಮಗ ಅಂದ್ರೆ ಇವ್ನು ಕಣ್ರಲಾ. ನನ್ ಮಕ್ಳವೆ, ಸತ್ರೆ ಒಂದ್ ಮೊಟ್ಟೆ ಇಕ್ತಾವೋ ಇಲ್ವೋ" ಎಂದು ಕಣ್ಣೊರೆಸಿಕೊಂಡ. ರಾಮಕೃಷ್ಣಪ್ಪ ತಲೆ ತಗ್ಗಿಸಿ ಆ ಮರ್ಯಾದೆಯನ್ನೆಲ್ಲ ಸ್ವೀಕರಿಸಿದ.

ಮೀನು ಹಿಡಿಯಲು ಪರ್ಮಿಟ್ ಬೇಕೆಂದು ಯಾರೋ ಹೇಳಿದರು. ರಾಮಕೃಷ್ಣಪ್ಪ ನನ್ನನ್ನೂ ಎಳೆದುಕೊಂಡು ಮೀನುಗಾರಿಕೆ ಇಲಾಖೆಯ ಆಫೀಸಿಗೆ ಹೋದ. ಅಲ್ಲಿನ ಸಾಹೇಬರು ಎಷ್ಟು ಜನ ಹೋಗುತ್ತೀರಿ ಎಂದು ತಮಿಳಿನಲ್ಲಿ ಕೇಳಿದರು.

"ನಾಲು ಪೇರು ಸಾರ್. ಅಪ್ಪಾವೆ ಸೇತ್ತಾ ಅಂಜಿ."

ನಾಲ್ಕು ಜನ, ಅಪ್ಪನನ್ನು ಸೇರಿಸಿದರೆ ಐದು. ಸಾಹೇಬರಿಗೆ ಕನಿಕರ ಬಂತು. ಬೆಟ್ಟದಲ್ಲಿ ಚಳಿ ಜಾಸ್ತಿ, ವಯಸ್ಸಾದವರನ್ನು ಯಾಕೆ ಕರೆದುಕೊಂಡು ಹೋಗುತ್ತೀರಿ ಎಂದರು.

"ಅವ್ರಿಗೆ ಚಳಿ ಆಗಲ್ಲ ಸಾರ್. ತೀರ್ಕಂಡವ್ರೆ."

ಸಾಹೇಬರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಸತ್ತವರಿಗೆ ಪರ್ಮಿಟ್ ಬೇಡ, ಬದುಕಿರುವವರು ಊಟಿಗೇ ಹೋಗಿ ಕೇಳಬೇಕು ಎಂದು ಹೇಳಿ ಅವರು ಊಟಕ್ಕೆ ಎದ್ದರು.

ಇಷ್ಟರ ತನಕ ಎಲ್ಲ ಸುಸೂತ್ರ. ಕೆಟ್ಟದ್ದು ಆ ಸಂಜೆ. ರಾಮಕೃಷ್ಣಪ್ಪ ಜಗಲಿಯ ಮೇಲೆ ಟೆಂಟು ಬಿಚ್ಚಿ ತೋರಿಸುತ್ತಿದ್ದ. ಬೈರಕ್ಕ ಅಕ್ಕಿ ಆರಿಸುತ್ತ ಕೂತಿದ್ದಳು.

"ಕಿಟ್ಟಾ, ಆ ಮೀನು ಎಲ್ ಸಿಕ್ತದೆ ಅಂದೆ?"

"ಊಟಿ ಮೇಲ್ಗಡೆ ಕಣಮ್ಮ."

"ನಮ್ ಡ್ಯಾಮಲ್ಲಿ ಸಿಕ್ಕಲ್ವಾ?"

"ಅದು ಚಳಿ ನೀರಿನ್ ಮೀನು ಕಣಮ್ಮ! ಬಿಸಿಲು ಕಂಡ್ರೆ ಸತ್ತೋಯ್ತದೆ. ಊಟಿ ಬುಟ್ರೆ ನಮ್ ಸುತ್ತ ಎಲ್ಲೂ ಸಿಕ್ಕಲ್ಲ. ಸೂಳಗಿರಿ ಜನ ಅದ್ರ ಮುಖಾನೇ ನೋಡಿಲ್ಲ" ಎಂದು ಇವನು ಜಂಬದಿಂದ ಹೇಳಿದ.

ಬೈರಕ್ಕ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

"ಹಂಗಾರೆ ನಿಮ್ಮಪ್ಪಂಗೆ ಅದ್ರ ರುಚಿ ಹಚ್ಚಿದ್ದು ಯಾರ್ಲಾ?"

ಗೋಡೆಯ ಈಚೆ ಶ್ಯಾಮಲಮ್ಮ ಟಿವಿ ಆಫ್ ಮಾಡಿದಳು.

ವೆಂಕಟೇಶಪ್ಪ ಬದುಕಿದ್ದಾಗ ವರ್ಷಕ್ಕೊಮ್ಮೆ ಸೊಣ್ಣಪ್ಪನ ಜೊತೆ ಲಾರಿಯಲ್ಲಿ ಊಟಿಗೆ ಹೋಗಿ ಬಿತ್ತನೆ ಆಲೂಗಡ್ಡೆ ತರುತ್ತಿದ್ದ. ಹೋದರೆ ಮೂರು ನಾಲ್ಕು ದಿನ ಬರುತ್ತಿರಲಿಲ್ಲ. ಊರಿನವರೆಲ್ಲ ಹಾಗೇ ಹೋಗುತ್ತಿದ್ದರು. ಇಷ್ಟು ವರ್ಷ ಅದು ಬರೀ ಆಲೂಗಡ್ಡೆಯಾಗಿತ್ತು. ಬೈರಕ್ಕ ಒಳಗೆ ಹೋಗಿ ಪೆಟ್ಟಿಗೆಯಿಂದ ಗಂಡನ ಕಂದು ಬಣ್ಣದ ಸ್ವೆಟರ್ ತೆಗೆದುಕೊಂಡು ನೇರ ನಮ್ಮ ಮನೆಗೆ ಬಂದಳು.

"ಶ್ಯಾಮಲಾ, ನೋಡವ್ವ. ಇದು ಅಂಗ್ಡೀದಾ, ಕೈಯಾಗೆ ಹೆಣ್ದಿದ್ದಾ?"

ಶ್ಯಾಮಲಮ್ಮ ಅದನ್ನು ತಿರುಗಿಸಿ, ಎಳೆದು, ಬೆಳಕಿಗೆ ಹಿಡಿದು ನೋಡಿದಳು. ನಾನು ಹಿಂದೆ ನಿಂತು ಕಣ್ಣಿನಲ್ಲಿ ಸನ್ನೆ ಮಾಡಿದೆ, ಕೆಮ್ಮಿದೆ. ಏನೂ ಪ್ರಯೋಜನವಾಗಲಿಲ್ಲ.

"ಕೈಯಾಗೆ ಹೆಣ್ದಿದ್ದೇ ಅಕ್ಕಾ. ಅಳತೆ ತಗಂಡು ಹೆಣ್ದವ್ರೆ. ತೋಳು ನೋಡಿ, ಭಾವಂಗೆ ಎಡಗೈ ಸ್ವಲ್ಪ ಗಿಡ್ಡ ಇತ್ತಲ್ಲ, ಸರ್ಯಾಗ್ ಐತೆ."

ಸ್ವೆಟರಿನ ಎರಡು ತೋಳೂ ಒಂದೇ ಉದ್ದ ಇದ್ದವು, ವೆಂಕಟೇಶಪ್ಪನ ಕೈಗಳೂ ಒಂದೇ ಉದ್ದ ಇದ್ದವು. ಆದರೆ ಹೇಳಿದ್ದು ಹೇಳಿಯಾಗಿತ್ತು.

ಸೊಣ್ಣಪ್ಪನನ್ನು ಕರೆಸಿದರು. ಬೈರಕ್ಕ ಅವನ ಕಾಲ ಬಳಿಯೇ ಕೂತಳು. "ಅಣ್ಣಾ, ನೀನು ಜೊತೇಲಿ ಇದ್ದೋನು. ನಿಜ ಹೇಳು. ಅಲ್ಲಿ ಯಾರಾರ ಇದ್ರಾ?"

ಇಲ್ಲ ಅಂದುಬಿಟ್ಟಿದ್ದರೆ ಮುಗಿದಿತ್ತು. ಆದರೆ ಇಡೀ ಬೀದಿ ಅಲ್ಲಿ ನೆರೆದಿತ್ತು. ಸೊಣ್ಣಪ್ಪನ ಮಾತು ಕೇಳಲು ಇಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಅವನು ಆಕಾಶ ನೋಡಿದ, ಮೀಸೆ ಸವರಿದ, ಉಸಿರು ಬಿಟ್ಟ.

"ನನ್ಗೇನ್ ಗೊತ್ತು ಅತ್ತಿಗೆ? ನಾನು ಲಾರೀಲೇ ಮಲಗ್ತಿದ್ದೆ. ಅವ್ನು 'ಚಳಿ ಕಣೋ' ಅಂದ್ಬುಟ್ಟು ಎಲ್ಗೋ ಹೋಯ್ತಿದ್ದ."

"ಎಲ್ಗೆ?"

"ನಾನ್ ಕೇಳ್ನಿಲ್ಲ. ಸ್ನೇಹ ಅಂದ್ರೆ ಅದು."

ಸೇರಿದ್ದ ಹೆಂಗಸರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಎಂದರು. ಬೈರಕ್ಕ ಅಳಲಿಲ್ಲ. ಸ್ವೆಟರ್ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

ಆ ವಾರದಲ್ಲಿ ಊರು ಆ ಕಾಣದ ಹೆಂಗಸಿಗೊಂದು ಹೆಸರಿಟ್ಟಿತು: ಊಟಿಯಮ್ಮ. ದಿನೇದಿನೇ ಅವಳು ತುಂಬಿಕೊಂಡಳು. ಬೆಳ್ಳಗಿದ್ದಳಂತೆ. ಟೀ ತೋಟದ ಹತ್ತಿರ ಮನೆಯಂತೆ. ಮೀನಿಗೆ ಹುಣಸೆಹುಳಿ ಹಾಕದೆ ಬೆಣ್ಣೆಯಲ್ಲಿ ಹುರಿಯುತ್ತಿದ್ದಳಂತೆ. ವೆಂಕಟೇಶಪ್ಪ ಪ್ರತಿ ಸಲ ಬೈರಕ್ಕನ ಮಂಡಿನೋವಿಗೆ ನೀಲಗಿರಿ ಎಣ್ಣೆ ತರುತ್ತಿದ್ದನಲ್ಲ, ಅದೂ ಅವಳೇ ಕೊಟ್ಟು ಕಳಿಸುತ್ತಿದ್ದದ್ದಂತೆ. ಇದನ್ನು ಕೇಳಿದ ದಿನ ಬೈರಕ್ಕ ಮೂಲೆಯಲ್ಲಿದ್ದ ಎಣ್ಣೆಯ ಸೀಸೆಯನ್ನು ತಿಪ್ಪೆಗೆ ಎಸೆದಳು. ಮಂಡಿ ಹಿಡಿದುಕೊಂಡೇ ಎಸೆದಳು.

ಗೋಡೆಯ ಮೇಲಿದ್ದ ಗಂಡನ ಫೋಟೋ ಕೆಳಗಿಳಿಯಿತು. ಸಂಜೆ ಹೊಲಕ್ಕೆ ಹೋಗುವುದು ನಿಂತಿತು. ಒಂದು ದಿನ ಮಗನನ್ನು ಕರೆದು, ಎಲ್ಲರೂ ಕೇಳುವಂತೆ ಹೇಳಿದಳು: "ನಿಮ್ಮಪ್ಪನ ಪಕ್ಕ ಜಾಗ ಬುಟ್ಟಿದ್ನಲ್ಲ, ಅಲ್ಲಿಗೆ ಆಲೂಗಡ್ಡೆ ಹಾಕು. ನಾನು ಸತ್ರೆ ಅಲ್ ಮಣ್ ಮಾಡ್ಬೇಡ."

ರಾಮಕೃಷ್ಣಪ್ಪ ಆದರೂ ಬಾಯಿ ಬಿಡಲಿಲ್ಲ. ಹೋಗಿ ಬಂದ ಮೇಲೆ ಹೇಗಾದರೂ ಸರಿ ಮಾಡಿದರಾಯಿತು ಎಂದುಕೊಂಡಿದ್ದಿರಬೇಕು. ವ್ಯಾನು ಗೊತ್ತು ಮಾಡಿಯಾಗಿತ್ತು, ಸೌದೆ ಸೀಳುವ ಕೊಡಲಿ ಸಿದ್ಧವಾಗಿತ್ತು, ಮೀನಿಗೆ ಸವರುವ ಮಸಾಲೆಯನ್ನು ಅವನೇ ಅರೆದಿಟ್ಟಿದ್ದ.

ಹೊರಡುವ ದಿನ ಬೆಳಿಗ್ಗೆ ಜಗನ್ ಇನ್ನಿಬ್ಬರನ್ನು ಹತ್ತಿಸಿಕೊಂಡು ವ್ಯಾನು ತಂದ. ಟೆಂಟು ಹೊತ್ತು ಹೊರಗೆ ಬಂದ ರಾಮಕೃಷ್ಣಪ್ಪ ಹಾಗೇ ನಿಂತ. ಮುಂದಿನ ಸೀಟಿನಲ್ಲಿ ಬೈರಕ್ಕ ಆಗಲೇ ಕೂತಿದ್ದಳು. ಗಂಡನ ಕಂದು ಸ್ವೆಟರ್ ತೊಟ್ಟಿದ್ದಳು, ತೊಡೆಯ ಮೇಲೆ ಬಟ್ಟೆಯ ಚೀಲ.

"ಅಮ್ಮಾ, ನೀವ್ ಎಲ್ಗೆ?" ಎಂದು ಕೇಳಿದ ಜಗನ್.

"ಊಟಿಗೆ ಕಣಪ್ಪಾ. ಸವತೀನ್ ನೋಡಕ್ಕೆ."

ಹಿಂದಿನ ಸೀಟಿನಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಯಾರೋ ಅದರ ಮೇಲೆ ಟವೆಲ್ ಎಳೆದರು.

"ಇಳಿಯಮ್ಮಾ" ಎಂದ ರಾಮಕೃಷ್ಣಪ್ಪ.

"ಇಳ್ಯಲ್ಲ. ಒಂದೇ ಒಂದ್ ಮಾತು ಕೇಳ್ತೀನಿ ಅವ್ಳನ್ನ. ಜಗ್ಳ ಆಡಲ್ಲ. ಅವ್ನು ಅಲ್ಲಿದ್ದಾಗ ನನ್ ಹೆಸ್ರು ಯಾವತ್ತಾರ ಎತ್ತಿದ್ನಾ ಅಂತ ಕೇಳ್ತೀನಿ. ಅಷ್ಟೇ."

ಇದನ್ನು ಕೇಳಿ ರಾಮಕೃಷ್ಣಪ್ಪ ಟೆಂಟು ಬೀದಿಯಲ್ಲಿ ಹಾಕಿ ಅದರ ಮೇಲೆ ಕುಸಿದು ಕೂತ.

"ಅಲ್ ಯಾರೂ ಇಲ್ಲ ಕಣಮ್ಮಾ! ಅಪ್ಪ ನನ್ಗೆ ಏನೂ ಹೇಳ್ನಿಲ್ಲ. ಟ್ರೌಟ್ ಅಂತ ಒಂದು ಮೀನೈತೆ ಅಂತ ಅಪ್ಪಂಗೆ ಗೊತ್ತೇ ಇರ್ನಿಲ್ಲ. ಇವ್ಳು ಬುಡಲ್ಲ ಅಂದ್ಲು, ಅದ್ಕೆ ನಾನೇ ಕಟ್ಟಿ ಹೇಳ್ದೆ. ಎಲ್ಲಾ ಸುಳ್ಳು!"

ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು. ನನ್ನ ಎದೆ ಹಗುರಾಯಿತು. ಅಂತೂ ಒಪ್ಪಿಕೊಂಡನಲ್ಲ ಎಂದುಕೊಂಡೆ. ಆಗ ಸೊಣ್ಣಪ್ಪ ಮುಂದೆ ಬಂದು, ಕೂತಿದ್ದವನನ್ನು ಎಬ್ಬಿಸಿ ಅಪ್ಪಿಕೊಂಡ.

"ನೋಡ್ರಪ್ಪ, ನೋಡಿ! ಅಪ್ಪನ್ ಮಾನ ಉಳ್ಸಕ್ಕೆ ತಾನೇ ಸುಳ್ಳುಗಾರ ಅಂತ ಬೀದೀಲಿ ಹೇಳ್ಕಣ್ತಾವ್ನೆ. ಇಂಥ ಮಗ ಯಾರ್ ಹೊಟ್ಟೇಲಿ ಹುಟ್ತಾನೆ?"

"ಇಲ್ಲ ಮಾವ, ನಿಜವಾಗ್ಲೂ ಸುಳ್ಳು!"

"ಗೊತ್ತು ಕಣ್ಲಾ, ಗೊತ್ತು" ಎಂದು ಸೊಣ್ಣಪ್ಪ ಬೆನ್ನು ತಟ್ಟಿದ.

ರಾಮಕೃಷ್ಣಪ್ಪ ಒಳಗೆ ಓಡಿ ಕರ್ಪೂರ ತಂದು ಬೀದಿಯಲ್ಲೇ ಹಚ್ಚಿ, ಅದರ ಮೇಲೆ ಕೈಯಿಟ್ಟು ಆಣೆ ಮಾಡಿದ. ನಮ್ಮಲ್ಲಿ ಕರ್ಪೂರ ಹಚ್ಚಿದರೆ ಮುಗಿಯಿತು, ಪಂಚಾಯಿತಿ ಕೂಡ ಎದ್ದುಹೋಗುತ್ತದೆ. ಅದಕ್ಕೂ ಶ್ಯಾಮಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೆತ್ತವ್ರಿಗೋಸ್ಕರ ಸುಳ್ ಆಣೆ ಮಾಡುದ್ರೆ ದೇವ್ರು ತಪ್ಪು ಅನ್ಕಳಲ್ಲ ಬುಡಿ" ಎಂದಳು. ಬೈರಕ್ಕ ವ್ಯಾನಿನಿಂದ ಇಳಿದು ಬಂದು ಮಗನ ಸುಟ್ಟ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಊದಿದಳು.

"ಬುಡು ಮಗಾ. ನಿಮ್ಮಪ್ಪನ್ ಮೇಲೆ ಎಷ್ಟ್ ಪ್ರೀತಿ ನಿನ್ಗೆ" ಎಂದಳು.

ಜಗನ್ ಗಡಿಯಾರ ನೋಡಿ, "ಅಣ್ಣಾ, ಫ್ಯಾಮಿಲಿ ಮ್ಯಾಟರ್ ಮುಗಿಸ್ಕಂಡು ಬನ್ನಿ, ನೆಕ್ಸ್ಟ್ ಇಯರ್ ನೋಡಣ" ಎಂದ. ವ್ಯಾನು ಹೊರಟುಹೋಯಿತು. ಅರೆದ ಮಸಾಲೆಯನ್ನು ಚಂದ್ರಲೇಖಾ ಬೀನ್ಸ್ ಪಲ್ಯಕ್ಕೆ ಹಾಕಿದಳು.

ಅಮಾವಾಸ್ಯೆ ಬಂತು. ಟ್ರೌಟ್ ಎಲ್ಲಿಂದ ಬರಬೇಕು? ಕೃಷ್ಣಗಿರಿ ಡ್ಯಾಮಿನಿಂದ ಜಿಲೇಬಿ ಅಂತ ಕರೆಯುವ ಮಾಮೂಲಿ ಮೀನು ತಂದು ಹುರಿದರು. ಹೊಲದಲ್ಲಿ ವೆಂಕಟೇಶಪ್ಪನ ಸಮಾಧಿಯ ಮುಂದೆ ಎಲೆ ಹಾಸಿ ಅನ್ನ, ವಡೆ, ಪಾಯಸ ಬಡಿಸಿದರು. ಮೀನು ಬಡಿಸಲು ಸೊಸೆ ಬಗ್ಗಿದಾಗ ಬೈರಕ್ಕ ತಡೆದಳು. ಚೀಲದಿಂದ ಇನ್ನೊಂದು ಎಲೆ ತೆಗೆದು ಪಕ್ಕದ ಖಾಲಿ ಜಾಗದ ಮೇಲೆ, ತಾನು ಇಷ್ಟು ದಿನ ಹುಲ್ಲು ಕಿ‌ತ್ತಿದ್ದ ಜಾಗದ ಮೇಲೆ ಹಾಸಿದಳು.

"ಮೀನು ಇಲ್ಲಿಗಿಕ್ಕು."

"ಇದ್ಯಾರಿಗೆ ಅತ್ತೆ?"

"ಅವ್ಳಿಗೆ. ನನ್ ವಯಸ್ಸೇ ಇರ್ತದೆ, ಸತ್ತೇ ಇರ್ತಾಳೆ. ನಾಕ್ ಜನದ್ ಎದ್ರಿಗೆ ಹೆಂಡ್ತಿ ಅನ್ನಿಸ್ಕಣ್ದೇ ಇರೋಳಿಗೆ ಎಡೆ ಯಾರ್ ಇಕ್ತಾರೆ? ಹಸ್ಕಂಡ್ ಇರ್ತಾಳೆ ಪಾಪ."

ನಾವೆಲ್ಲ ದೂರ ನಿಂತೆವು. ಕಾಗೆ ಬಂತು. ಸಮಾಧಿ ಕಲ್ಲಿನ ಮೇಲೆ ಕೂತು ಎರಡು ಎಲೆಯನ್ನೂ ನೋಡಿತು. ಹುರಿದ ಮೀನು ಒಂದು ಕಡೆ, ವಡೆ ಒಂದು ಕಡೆ ಇದ್ದರೆ ಯಾವ ಕಾಗೆ ಯಾವ ಕಡೆ ಹೋಗುತ್ತದೆ ಎಂದು ಹೇಳಲು ಶಾಸ್ತ್ರ ಓದಬೇಕಾಗಿಲ್ಲ. ನೇರ ಊಟಿಯಮ್ಮನ ಎಲೆಗೆ ಇಳಿಯಿತು. ಮೀನು ಮುಗಿಸಿ ವೆಂಕಟೇಶಪ್ಪನ ಎಲೆಗೂ ಹಾರಿತು, ಒಂದು ವಡೆ ಕಚ್ಚಿಕೊಂಡು ವಾಪಸ್ಸು ಊಟಿಯಮ್ಮನ ಎಲೆಯ ಮೇಲೇ ಬಂದು ಕೂತು ತಿಂದಿತು. ಊರಿಗೆ ಇನ್ನೇನು ಸಾಕ್ಷಿ ಬೇಕು?

"ತಿನ್ನವ್ವ, ತಿನ್ನು" ಎಂದಳು ಬೈರಕ್ಕ. ಆಮೇಲೆ ಮಗನ ಕಡೆ ತಿರುಗಿ, "ಆಲೂಗಡ್ಡೆ ಹಾಕ್ಬೇಡ. ಆ ಜಾಗ ಅವ್ಳದು. ನನ್ನ ಆ ಹುಣಸೆಮರದ್ ತಾವ ಇಟ್ಬುಡು" ಎಂದಳು. ಹುಣಸೆಮರ ಹೊಲದ ಆ ತುದಿಯಲ್ಲಿದೆ.

ಆಮೇಲೆ ಬೈರಕ್ಕನ ಊಟ ಕಡಿಮೆಯಾಯಿತು. ಡಾಕ್ಟರು ವಯಸ್ಸಾಯಿತು ಎಂದರು. ಪ್ರತಿ ಸಂಜೆ ಗೋಡೆಯಾಚೆ ರಾಮಕೃಷ್ಣಪ್ಪ ಹೇಳುವುದು ಕೇಳಿಸುತ್ತಿತ್ತು: "ಅಮ್ಮಾ, ನಾನೇ ಕಟ್ಟಿದ್ದು ಕಣಮ್ಮಾ. ಒಂದ್ ತುತ್ತು ಉಣ್ಣಮ್ಮಾ." ಅವಳು ಹೂಂ ಎನ್ನುತ್ತಿದ್ದಳು, ಉಣ್ಣುತ್ತಿರಲಿಲ್ಲ. ಶ್ಯಾಮಲಮ್ಮ ಈ ಕಡೆ ಟಿವಿ ದನಿ ಜೋರು ಮಾಡುತ್ತಿದ್ದಳು. ಆ ಹೊತ್ತಿಗೆ ಅವಳಿಗೂ ಅದನ್ನು ಕೇಳಿ ತಡೆಯಲು ಆಗುತ್ತಿರಲಿಲ್ಲ.

ದೀಪಾವಳಿ ಕಳೆದು ಜಡಿಮಳೆ ಹಿಡಿದಾಗ ಬೈರಕ್ಕ ಹೋದಳು. ರಾಮಕೃಷ್ಣಪ್ಪ ಹಾರೆ ಹಿಡಿದು ಅಪ್ಪನ ಸಮಾಧಿಯ ಪಕ್ಕ ಅಗೆಯಲು ನಿಂತ. ಸೊಣ್ಣಪ್ಪ ಹಾರೆ ಕಿತ್ತುಕೊಂಡ.

"ಹೆತ್ತವ್ಳು ಬಾಯ್ಬುಟ್ಟು ಹೇಳವ್ಳೆ. ಸತ್ತೋರ್ ಮಾತು ಮೀರ್ತೀಯೇನ್ಲಾ?"

"ಮಾವ, ಅಲ್ ಯಾರೂ ಇಲ್ಲ ಮಾವ. ಆ ಜಾಗ ನಮ್ಮಮ್ಮಂದು."

"ಸಾಕ್ ಸುಮ್ಕಿರು. ಎಷ್ಟ್ ಅಂತ ಮುಚ್ಚಾಕ್ತೀಯಾ?"

ಹುಣಸೆಮರದ ಬುಡದಲ್ಲೇ ಗುಂಡಿ ತೋಡಿದರು. ಮಳೆ ಬಿಡಲಿಲ್ಲ, ಗುಂಡಿಗೆ ನೀರು ತುಂಬತೊಡಗಿತು. ಮನೆಯಲ್ಲಿ ಟಾರ್ಪಾಲು ಇರಲಿಲ್ಲ. ಚಂದ್ರಲೇಖಾ ನೀಲಿ ಟೆಂಟು ತಂದುಕೊಟ್ಟಳು. ಊಟಿಗೆಂದು ತರಿಸಿದ ಟೆಂಟನ್ನು ಗುಂಡಿಯ ಮೇಲೆ ಹಾಕಿ, ಅದರ ಕೆಳಗೆ ಬೈರಕ್ಕನನ್ನು ಮಣ್ಣು ಮಾಡಿದೆವು.

ಮೊನ್ನೆ, ಈ ವರ್ಷದ ಮಾರ್ನಮಿ ಅಮಾವಾಸ್ಯೆಗೆ ರಾಮಕೃಷ್ಣಪ್ಪ ಮೂರು ಎಲೆ ಹಾಕಬೇಕಾಯಿತು. ಊಟಿಯಮ್ಮನ ಎಲೆ ಬೇಡ ಎಂದು ಹಟ ಹಿಡಿದಿದ್ದ. ಸವತಿಯಾದ ಬೈರಮ್ಮನೇ ಇಟ್ಟ ಎಡೆಯನ್ನು ನೀನು ನಿಲ್ಲಿಸುತ್ತೀಯಾ ಎಂದು ಊರೇ ಬಂದು ಕೂತಿತು. ಕಾಗೆ ಮೊದಲು ಅವಳ ಮೀನು ತಿಂದಿತು. ವೆಂಕಟೇಶಪ್ಪನ ಎಲೆಯಲ್ಲಿ ಒಂದೆರಡು ಸಲ ಕುಕ್ಕಿತು. ಆಮೇಲೆ ಹುಣಸೆಮರಕ್ಕೆ ಹಾರಿ, ಕೊಂಬೆಯ ಮೇಲೆ ಕೂತು, ಬೈರಕ್ಕನ ಎಲೆಯನ್ನು ನೋಡುತ್ತ ಉಳಿಯಿತು. ನಾನು ಮರದ ಸುತ್ತ ಹೋಗಿ ನೋಡಿದೆ. ನಾಯಿ ಇರಲಿಲ್ಲ, ಅದು ಬೇಸಿಗೆಯಲ್ಲೇ ಸತ್ತಿತ್ತು. ಎಲೆಯ ಮೇಲಿನ ಅನ್ನ ಒಣಗಿತು. ಕಾಗೆ ಇಳಿಯಲಿಲ್ಲ.

"ಅತ್ತಿಗೇದು ಏನೋ ಆಸೆ ಉಳ್ಕಂಡೈತೆ" ಎಂದ ಸೊಣ್ಣಪ್ಪ. "ಕೊನೇಲಿ ನಿನ್ ಕಿವೀಲಿ ಏನಾರ ಹೇಳಿದ್ಲೇನ್ಲಾ?"

ಎಲ್ಲರೂ ರಾಮಕೃಷ್ಣಪ್ಪನ ಕಡೆ ತಿರುಗಿದರು. ಅವನು ಬಾಯಿ ತೆರೆದ. ಏನಾದರೂ ಒಂದು ಸುಳ್ಳು ಹೇಳಲಿ, ಹೋಳಿಗೆ ಅನ್ನಲಿ, ಹಲಸಿನಹಣ್ಣು ಅನ್ನಲಿ ಎಂದು ನಾನೇ ದೇವರನ್ನು ಬೇಡಿಕೊಂಡೆ. ಅವನು ಬಾಯಿ ಮುಚ್ಚಿಕೊಂಡ. ಮೆಲ್ಲಗೆ ನಡೆದು ಅಪ್ಪನ ಸಮಾಧಿಯ ಪಕ್ಕದ ಖಾಲಿ ಜಾಗಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಕೈಯಲ್ಲೇ ಹುಲ್ಲು ಕೀಳತೊಡಗಿದ.

ನಾನು ಹತ್ತಿರ ಹೋದೆ. "ಏನ್ ಮಾಡ್ತಿದ್ದೀಯೋ?"

"ನಮ್ಮಮ್ಮನ್ ಮನೆ ಗುಡುಸ್ತಿದ್ದೀನಿ ಮಾವ" ಎಂದ. ಮುಖ ಎತ್ತಲಿಲ್ಲ.

ಹಿಂದೆ ನಿಂತಿದ್ದ ಶ್ಯಾಮಲಮ್ಮ ಮೂಗೊರೆಸಿಕೊಂಡು ಪಕ್ಕದವರಿಗೆ ಹೇಳಿದಳು: "ನೋಡಿ ಎಂಥಾ ಮನಸ್ಸು ಅವಂದು. ಊಟಿಯಮ್ಮನ್ನೂ ಅಮ್ಮ ಅಂತಾನೇ ಅಂತಾನೆ."